ಯಜಮಾನರ ಪರವಾಗಿ ನಡಿಗೆ

ದೇವರು ಕೊಟ್ಟ ಮೈಯನ್ನು ಜೋಪಾನವಾಗಿ ನೋಡಿಕೊಳ್ಳಿ ಎಂದು ಈಗಷ್ಟೇ ಪ್ರವಚನದಲ್ಲಿ ನಾನು ಹೇಳಿದಾಗ ನೀವೆಲ್ಲ ಬಹಳ ಚೆನ್ನಾಗಿ ತಲೆಯಾಡಿಸಿದಿರಿ. ಕುತ್ತಿಗೆಗೆ ಅಷ್ಟಾದರೂ ವ್ಯಾಯಾಮವಾಯಿತು, ಸಂತೋಷ. ಕುತ್ತಿಗೆಯಿಂದ ಕೆಳಗಿನ ಸಂಗತಿಗೆ ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದೂರಿನಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡ ಒಬ್ಬ ಸಾಹುಕಾರರು ಇದ್ದರು. ಹೆಸರು ಹೇಳುವುದಿಲ್ಲ. ಹೇಳಿದರೆ ಅದು ನಿಮ್ಮಲ್ಲಿ ಯಾರದೋ ಹೆಸರಾಗಿಬಿಡುತ್ತದೆ, ಆಮೇಲೆ ಪ್ರಸಾದದ ಸಾಲಿನಲ್ಲಿ ನನ್ನ ಜೊತೆ ಜಗಳ. ಯಜಮಾನರು ಎಂದರೆ ಸಾಕು. ಐವತ್ತು ದಾಟಿತ್ತು. ಎಲ್ಲಿಗೆ ಹೋದರೂ ಹೊಟ್ಟೆ ಮೊದಲು ತಲುಪುತ್ತಿತ್ತು, ಅವರು ಆಮೇಲೆ. ಹಿಮ್ಮಡಿ ಎಷ್ಟು ಬಿರಿದಿತ್ತೆಂದರೆ ರಾತ್ರಿ ಮಗ್ಗುಲು ಬದಲಿಸಿದರೆ ಹೊದಿಕೆಯ ದಾರ ಕಿತ್ತು ಬರುತ್ತಿತ್ತು. ಮೊಣಕೈಯ ಚರ್ಮ ಬೂದಿ ಬಳಿದ ಹಾಗೆ. ಹೆಂಡತಿ ಹೇಳಿ ಹೇಳಿ ಸಾಕಾಗಿದ್ದರು.

"ಮಂಡೀಲಿರೋ ಬೆಲ್ಲಕ್ಕೆ ಇರುವೆ ಹತ್ತದ ಹಾಗೆ ನೋಡ್ಕೋತೀರಿ. ನಿಮ್ಮ ಕಾಲಿಗೆ ಒಂದು ತೊಟ್ಟು ಎಣ್ಣೆ ಹಚ್ಕೊಳ್ಳೋಕೆ ಏನು ಕಷ್ಟ?"

"ಪುರಸೊತ್ತೆಲ್ಲಿದೆ ಕಣೇ" ಎನ್ನುತ್ತಿದ್ದರು ಯಜಮಾನರು. ಹೀಗೆ ಹೇಳುವಾಗ ಅವರು ಸೋಫಾದ ಮೇಲೆ ಮಲಗಿರುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ಮಂದಾಕಿನಿ. ಅವಳ ಮೇಲೆ ಪ್ರಾಣ. ಅವಳಿಗೆ ಮದುವೆ ಗೊತ್ತಾಯಿತು. ಮಗಳನ್ನು ನಾನೇ ಮಣೆಯ ಮೇಲೆ ಕೂತು, ನನ್ನ ಕೈಯಾರೆ ಧಾರೆ ಎರೆದು ಕೊಡಬೇಕು ಎಂಬುದೊಂದೇ ಯಜಮಾನರ ಆಸೆ. ಬಂದವರಿಗೆಲ್ಲ ಇದನ್ನೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಡಾಕ್ಟರರು ಮೊಣಕಾಲು ಹಿಡಿದು ನೋಡಿ, "ಇನ್ನೂ ಕೆಲವು ತಿಂಗಳು ಟೈಮಿದೆ. ದಿನಾ ನಡೀರಿ, ಬಗ್ಗಿ ಏಳಿ, ಮೈಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ. ಹೀಗೇ ಬಿಟ್ರೆ ಮಗಳ ಮದುವೇಲಿ ನೀವು ನೆಲದ ಮೇಲೆ ಕೂರೋಕಾಗಲ್ಲ, ನೋಡ್ತಿರಿ" ಎಂದರು.

ಯಜಮಾನರಿಗೆ ಭಯವೇನೋ ಆಯಿತು. ಭಯವಾದ ಮನುಷ್ಯ ಏನು ಮಾಡಬೇಕು? ಎದ್ದು ನಡೆಯಬೇಕು. ಇವರು ಏನು ಮಾಡಿದರು? ಪುರೋಹಿತರಿಗೆ ಫೋನ್ ಮಾಡಿದರು.

ನೋಡಿ, ಅವರ ಲೆಕ್ಕಾಚಾರ ಹೀಗಿತ್ತು. ದೇವಸ್ಥಾನದಲ್ಲಿ ಅಭಿಷೇಕ ಮಾಡುವವರು ಅರ್ಚಕರು. ಜಪ ಮಾಡುವವರು ಪುರೋಹಿತರು. ತಾನು ಗೋತ್ರ, ನಕ್ಷತ್ರ ಹೇಳಿ ದಕ್ಷಿಣೆ ಕಳಿಸಿದರೆ ಪುಣ್ಯವೆಲ್ಲ ತನ್ನ ಖಾತೆಗೆ, ಪ್ರಸಾದ ಕೊರಿಯರ್‌ನಲ್ಲಿ ಮನೆಗೆ. ಜಪ ಒಬ್ಬರು ಮಾಡಿ ಫಲ ಇನ್ನೊಬ್ಬರಿಗೆ ಬರುವುದಾದರೆ, ನಡಿಗೆ ಒಬ್ಬನು ಮಾಡಿ ಕಾಲಿನ ಬಲ ಇನ್ನೊಬ್ಬರಿಗೆ ಏಕೆ ಬರಬಾರದು?

ಪುರೋಹಿತರು ಪಂಚಾಂಗ ತಿರುವಿ ಹಾಕಿದರು. ಆಮೇಲೆ, "ಬೇಡ ಅಂತ ಶಾಸ್ತ್ರದಲ್ಲಿ ಎಲ್ಲೂ ಹೇಳಿಲ್ಲ" ಎಂದರು. ನಡಿಗೆಗೆ ಶುಭದಿನವನ್ನೂ ನೋಡಿಕೊಟ್ಟರು.

ಮಂಡಿಯಲ್ಲಿ ತೂಕ ಹಾಕುತ್ತಿದ್ದ ಚೆನ್ನಿಗಪ್ಪ ಎಂಬಾತನನ್ನು ಆರಿಸಿದರು. ಯಜಮಾನರದೇ ವಯಸ್ಸು, ಅದೇ ಹೊಟ್ಟೆ, ಅದೇ ಹಿಮ್ಮಡಿ. ಅವನ ಕೈಯಲ್ಲಿ ಅಕ್ಷತೆ ಇಟ್ಟು ನೀರು ಬಿಟ್ಟು ಪುರೋಹಿತರು ಸಂಕಲ್ಪ ಮಾಡಿಸಿದರು. ಇಂಥ ಗೋತ್ರದ, ಇಂಥ ನಕ್ಷತ್ರದ ಯಜಮಾನರ ಮೊಣಕಾಲಿನ ಬಲಕ್ಕಾಗಿ, ಚರ್ಮದ ಕಾಂತಿಗಾಗಿ, ಹೊಟ್ಟೆಯ ನಿವಾರಣೆಗಾಗಿ ನಾನು ಕೆರೆ ಏರಿಯ ಮೇಲೆ ನಡೆಯುತ್ತೇನೆ ಎಂದು ಚೆನ್ನಿಗಪ್ಪ ಗಂಭೀರವಾಗಿ ಹೇಳಿದ. ಯಜಮಾನರು ಆಗಲೇ ಹಗುರಾದವರಂತೆ ಉಸಿರು ಬಿಟ್ಟು ಎರಡು ಹೋಳಿಗೆ ತಿಂದರು.

ಅಂದಿನಿಂದ ಶುರು. ಬೆಳಗಾದರೆ ಚೆನ್ನಿಗಪ್ಪ ಕೆರೆ ಏರಿಯ ಮೇಲೆ, ಯಜಮಾನರು ಹಾಸಿಗೆಯ ಮೇಲೆ. ಚೆನ್ನಿಗಪ್ಪನಿಗೆ ಬೇಯಿಸಿದ ಸೊಪ್ಪು, ಯಜಮಾನರಿಗೆ ಹುರಿದ ಸಂಡಿಗೆ. ಶನಿವಾರ ಚೆನ್ನಿಗಪ್ಪನಿಗೆ ಯಜಮಾನರ ಬಚ್ಚಲಲ್ಲೇ ಎಳ್ಳೆಣ್ಣೆ ಹಚ್ಚಿ, ಕಡಲೆಹಿಟ್ಟು ತಿಕ್ಕಿ, ಬಿಸಿನೀರಿನ ಸ್ನಾನ. ಯಜಮಾನರು ಹೊರಗೆ ಕುರ್ಚಿ ಹಾಕಿಕೊಂಡು, "ಬೆನ್ನಿಗೆ ಜಾಸ್ತಿ ಹಚ್ಕೊಳಪ್ಪ, ನನಗೆ ಬೆನ್ನಲ್ಲಿ ತುಂಬಾ ನವೆ" ಎಂದು ಕೂಗುತ್ತಿದ್ದರು. ರಕ್ತಪರೀಕ್ಷೆಗೂ ಅವನನ್ನೇ ಕಳಿಸಿದರು. ಫಲಿತಾಂಶ ಬಹಳ ಚೆನ್ನಾಗಿ ಬಂತು. ಯಜಮಾನರು ಸಂತೋಷ ತಡೆಯಲಾರದೆ ಊರಿಗೆಲ್ಲ ಪೇಡ ಹಂಚಿ, ಉಳಿದದ್ದನ್ನು ತಾವೇ ತಿಂದರು.

ಚೆನ್ನಿಗಪ್ಪ ದಿನದಿನಕ್ಕೆ ತೆಳ್ಳಗಾದ. ಮುಖದಲ್ಲಿ ಕಳೆ ಬಂತು. ಹಿಮ್ಮಡಿ ಬೆಣ್ಣೆಯಾಯಿತು. ಜೊತೆಗೆ ಜಂಬವೂ ಬಂತು. ಯಜಮಾನರು ಬೋಂಡಕ್ಕೆ ಕೈ ಹಾಕಿದರೆ ಗದರಿಸುತ್ತಿದ್ದ. "ಯಜಮಾನ್ರೇ, ನೀವು ಅದನ್ನ ತಿಂದ್ರೆ ನಾನು ಮತ್ತೊಂದು ಸುತ್ತು ಓಡ್ಬೇಕು. ನನ್ನ ಕಷ್ಟಾನೂ ಸ್ವಲ್ಪ ನೋಡಿ."

"ಹೋಗ್ಲಿ ಬಿಡು, ಓಡು. ಇವತ್ತಿನ ಚಟ್ನಿ ಚೆನ್ನಾಗಿದೆ" ಎನ್ನುತ್ತಿದ್ದರು ಯಜಮಾನರು.

ಯಜಮಾನರ ಮೊಣಕಾಲು ಮಾತ್ರ ಇದ್ದ ಹಾಗೇ ಇತ್ತು. ಇದ್ದ ಹಾಗೆ ಎಲ್ಲಿ, ಇನ್ನೂ ಹದಗೆಟ್ಟಿತು. ಪುರೋಹಿತರನ್ನು ಕೇಳಿದರೆ, "ಫಲ ದಾರಿಯಲ್ಲಿದೆ" ಎಂದರು.

ಮದುವೆಯ ದಿನ ಬಂತು. ಛತ್ರದ ಬಾಗಿಲಲ್ಲಿ ಬೀಗರ ಕಡೆಯ ದೂರದ ನೆಂಟರು ನೇರವಾಗಿ ಚೆನ್ನಿಗಪ್ಪನ ಬಳಿ ಹೋಗಿ, "ಹೆಣ್ಣಿನ ತಂದೆಯವರು ತಾವೇ ತಾನೇ? ಮುಖದಲ್ಲೇ ಗೊತ್ತಾಗುತ್ತೆ" ಎಂದು ಕೈ ಕುಲುಕಿದರು. ಯಜಮಾನರನ್ನು ಹುಡುಗಿಯ ಅಜ್ಜನೆಂದುಕೊಂಡು ಕಂಬದ ಪಕ್ಕದ ಈಸಿಚೇರಿನಲ್ಲಿ ಕೂರಿಸಿ, ಬಿಸಿ ಹಾಲು ಕೊಟ್ಟರು. ಒಬ್ಬ ಮುದುಕಿ ಬಂದು, "ನಿಮ್ಮ ಕಾಲ್ದಲ್ಲಿ ಮದುವೆ ಐದು ದಿನ ನಡೀತಿತ್ತಲ್ವಾ?" ಎಂದು ಕೇಳಿದಳು. ಯಜಮಾನರು ಹಾಲಿನ ಲೋಟ ಕೆಳಗಿಟ್ಟರು.

ಧಾರೆಯ ಹೊತ್ತಾಯಿತು. ಮಂಟಪದಲ್ಲಿ ಮಣೆ ಹಾಕಿತ್ತು. ಯಜಮಾನರು ಮಣೆಯ ಮುಂದೆ ನಿಂತು ಮಗಳ ಮುಖ ನೋಡಿದರು, ಮಣೆ ನೋಡಿದರು. ಆ ಮಣೆ ಪಾತಾಳದಲ್ಲಿದ್ದಂತೆ ಕಂಡಿತು. ಇಬ್ಬರು ನೆಂಟರು ಎರಡು ರಟ್ಟೆ ಹಿಡಿದರು. ಯಜಮಾನರು ದೇವರನ್ನು ನೆನೆದು ಮೊಣಕಾಲು ಬಗ್ಗಿಸಿದರು. ಆಗ ಮೊಣಕಾಲಿನಿಂದ ಎಂಥ ಸದ್ದು ಬಂತೆಂದರೆ, ಅದೇ ಸನ್ನೆ ಎಂದು ತಿಳಿದು ಓಲಗದವರು ಗಟ್ಟಿಮೇಳ ಬಾರಿಸಿಬಿಟ್ಟರು. ನೆರೆದ ಜನ ಅಕ್ಷತೆ ಎರಚಿದರು. ಗಾಬರಿಯಾದ ವರ ತಾಳಿ ಎಲ್ಲಿ ಎಂದು ತಡಕಾಡಿದ. ಪುರೋಹಿತರು ಎದ್ದು ನಿಂತು ಎರಡೂ ಕೈ ಬೀಸಿ, "ಇನ್ನೂ ಆಗಿಲ್ಲ, ಅದು ಯಜಮಾನರ ಕಾಲು" ಎಂದು ಸಭೆಗೆ ತಿಳಿಸಬೇಕಾಯಿತು.

ಮತ್ತೆ ಪ್ರಯತ್ನಿಸಿದರು. ಕಾಲು ಅರ್ಧಕ್ಕೆ ಬಂದು ನಿಂತಿತು, ಇಳಿಯಲೊಲ್ಲದು. ಮುಹೂರ್ತ ಮೀರುತ್ತಿತ್ತು. ಪುರೋಹಿತರು ಗಡಿಯಾರ ನೋಡಿ, "ಯೋಚನೆ ಬೇಡ. ಚೆನ್ನಿಗಪ್ಪ, ನೀನು ಕೂತ್ಕೋ. ನಿನಗೆ ಹೇಗೂ ಸಂಕಲ್ಪ ಆಗಿದೆ" ಎಂದರು. ಬೀಗರೂ ಒಪ್ಪಿದರು. ಚೆನ್ನಿಗಪ್ಪ ಶಲ್ಯ ಸರಿಮಾಡಿಕೊಂಡು, ಹೂವು ಉದುರಿದಷ್ಟು ಸಲೀಸಾಗಿ ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ.

ಮಂದಾಕಿನಿ ತಲೆ ಎತ್ತಿ ತಂದೆಯನ್ನು ನೋಡಿದಳು. ಸಿಟ್ಟಿರಲಿಲ್ಲ. ಮೆಲ್ಲಗೆ ಕೇಳಿದಳು: "ಅಪ್ಪಾ, ನನ್ನ ಕೈ ಹಿಡ್ಕೊಳ್ಳೋಕೂ ಆಳು ಇಟ್ಯಾ?"

ಅಲ್ಲಿ ಮುರಿಯಿತು ನೋಡಿ ಯಜಮಾನರ ಮನಸ್ಸು. ಮೊಣಕಾಲಿನ ನೋವೆಲ್ಲ ಒಂದು ಕಡೆ, ಈ ಮಾತಿನ ನೋವು ಒಂದು ಕಡೆ. "ಏಳೋ ಚೆನ್ನಿಗಪ್ಪ" ಎಂದರು. ಕೂರಲಂತೂ ಆಗದು. ಹಾಗಾದರೆ ಮಲಗುತ್ತೇನೆ ಎಂದುಕೊಂಡರು. ನೆಂಟರ ಕೈ ಹಿಡಿದು, ಮೂಟೆ ಇಳಿಸಿದ ಹಾಗೆ ಇಳಿದು, ಮಂಟಪದ ನಡುವೆ ಹೊಟ್ಟೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಮಾವನವರು ತನಗೆ ಸಾಷ್ಟಾಂಗ ಹಾಕುತ್ತಿದ್ದಾರೆಂದು ವರ ಹೌಹಾರಿ, ತಾನೂ ಎದುರಿಗೆ ಅಡ್ಡಬಿದ್ದ. ಅವನ ತಂದೆ ತಾಯಿ ತಾವೇನು ಕಡಿಮೆ ಎಂದು ಅವರೂ ಬಿದ್ದರು. ಹೀಗೆ ಎಲ್ಲರೂ ಮಲಗಿರುವಾಗ ಯಜಮಾನರು ಒಂದು ಕೈ ಚಾಚಿ ಮಗಳ ಕೈ ಹಿಡಿದು, ವರನ ಕೈಗಿಟ್ಟು, ಹೆಂಡತಿ ನೀರು ಬಿಡುತ್ತಿದ್ದಂತೆ ಗಲ್ಲವನ್ನು ನೆಲಕ್ಕೆ ಊರಿ ಅತ್ತರು.

ಧಾರೆ ಮುಗಿಯಿತು. ಎಲ್ಲರೂ ಎದ್ದರು, ಯಜಮಾನರೊಬ್ಬರನ್ನು ಬಿಟ್ಟು. ಅವರು ಮಲಗಿದ್ದಲ್ಲಿಂದಲೇ ಹೇಳಿದರು: "ಚೆನ್ನಿಗಪ್ಪ, ನಾಳೆಯಿಂದ ಕೆರೆ ಏರಿಗೆ ನಾನೇ ಹೋಗ್ತೀನಿ."

"ಆಗ್ಲಿ ಯಜಮಾನ್ರೇ. ಇಷ್ಟು ದಿನದ ನಿಮ್ಮ ಆರೋಗ್ಯ ನನ್ನ ಹತ್ರಾನೇ ಉಳ್ಕೊಂಡಿದೆ. ಅದನ್ನ ಏನ್ಮಾಡ್ಲಿ?"

"ನೀನೇ ಇಟ್ಕೋಪ್ಪ. ಈಗ ಮೊದಲು ನನ್ನ ಎಬ್ಬಿಸು."

ನಗುತ್ತಿದ್ದೀರಿ. ನಗಿ, ನಗಿ. ಆದರೆ ಒಮ್ಮೆ ಹಿಂದೆ ತಿರುಗಿ ನೋಡಿ. ಮುಂದೆ ಇಷ್ಟು ದೊಡ್ಡ ಜಮಖಾನ ಖಾಲಿ ಬಿದ್ದಿದೆ. ಹಿಂದೆ ಪ್ಲಾಸ್ಟಿಕ್ ಕುರ್ಚಿಗೆ ಕರವಸ್ತ್ರ ಹಾಕಿ ಜಾಗ ಹಿಡಿದಿದ್ದೀರಿ. ಎಂಬತ್ತು ದಾಟಿದ ಅಜ್ಜಿ ಇಲ್ಲಿ ನೆಲದ ಮೇಲಿದ್ದಾರೆ. ಅವರ ಮಗ ಅಲ್ಲಿ ಕುರ್ಚಿಯ ಮೇಲಿದ್ದಾನೆ. ಕಾಲು ನೋವಿದ್ದವರು ಕೂರಲಿ, ಅವರ ಮಾತಲ್ಲ. ಸೋಮಾರಿತನಕ್ಕೆ ಕುರ್ಚಿ ಹಾಕಿಕೊಂಡವರ ಮಾತು. ನೀವು ಆಳು ಇಟ್ಟಿಲ್ಲ ನಿಜ. ಲಿಫ್ಟು ಇಟ್ಟಿದ್ದೀರಿ. ತರಕಾರಿಗೆ ಹೋಗಲು ಸ್ಕೂಟರ್ ಇಟ್ಟಿದ್ದೀರಿ. ಬೇರೆಯವರು ವ್ಯಾಯಾಮ ಮಾಡುವುದನ್ನು ಮಲಗಿಕೊಂಡು ಮೊಬೈಲಿನಲ್ಲಿ ನೋಡುತ್ತೀರಿ. ಅವರೆಲ್ಲ ನಿಮ್ಮ ಚೆನ್ನಿಗಪ್ಪಂದಿರಲ್ಲದೆ ಮತ್ತೇನು?

ಮಗಳ ಕೈ ಹಿಡಿಯುವ ಹೊತ್ತು ಎಲ್ಲರಿಗೂ ಬರುತ್ತದೆ. ಮೊಮ್ಮಗು ನೆಲದ ಮೇಲೆ ಕೂತು ಬಾ ಎಂದು ಕರೆಯುವ ಹೊತ್ತು ಬರುತ್ತದೆ. ಆಗ ಬಗ್ಗಬೇಕಾದದ್ದು ನಿಮ್ಮದೇ ಮೊಣಕಾಲು. ಆದ್ದರಿಂದ ನಾಳೆ ಬೆಳಿಗ್ಗೆ ಹೂವಿಗೆ, ಹಾಲಿಗೆ ನಡೆದುಕೊಂಡೇ ಹೋಗಿ. ಒಂದು ಹೊತ್ತಿನ ಊಟವನ್ನಾದರೂ ನೆಲದಲ್ಲಿ ಕೂತು ಮಾಡಿ, ತಟ್ಟೆಯನ್ನು ನೀವೇ ಎತ್ತಿ. ಮಲಗುವ ಮುಂಚೆ ಕಾಲು ತೊಳೆದು, ಒರೆಸಿ, ಹಿಮ್ಮಡಿಗೆ ಎಣ್ಣೆ ಹಚ್ಚಿಕೊಳ್ಳಿ. ಹಚ್ಚಬೇಕಾದರೆ ಬಗ್ಗಬೇಕಲ್ಲ, ಅದೇ ವ್ಯಾಯಾಮ. ಬಿಸಿಲಿಗೆ ಹೋಗುವಾಗ ತಲೆಗೊಂದು ಬಟ್ಟೆ, ಬಾಯಾರಿದಾಗ ಕಾಫಿಯಲ್ಲ, ನೀರು. ಇದಕ್ಕೆ ಮುಹೂರ್ತ ಕೇಳಲು ನನ್ನ ಹತ್ತಿರ ಬರಬೇಡಿ, ಕೊಡುವುದಿಲ್ಲ.

ಈಗ ಮಂಗಳಾರತಿ. ಎಲ್ಲರೂ ಏಳಿ. ಪಕ್ಕದವರ ಹೆಗಲು ಹಿಡಿಯದೆ ಏಳಿ. ನಿಧಾನವಾಗಲಿ, ಪರವಾಗಿಲ್ಲ, ನಾನು ಕಾಯುತ್ತೇನೆ.