ಕಿಟಕಿ ಪಕ್ಕದ ಮೂಕಬಸವ

...ಅಲ್ಲಲ್ಲ, ತಂತಿ ಆಮೇಲೆ ಬಿಚ್ಚುವಿಯಂತೆ. ಮೊದಲು ಕೂತ್ಕೋ. ತಗೊಂಡು ಹೋಗು, ಬೇಡ ಅಂದೆನಾ? ನಿಮ್ಮಕ್ಕನಿಗೆ ನೀನೇ ಜೋಡಿಸಿಕೊಟ್ಟ ಕಂಪ್ಯೂಟರು, ನಿನ್ನ ಅಂಗಡಿಗೇ ಹೋಗಲಿ. ಉಳಿ ಹಿಡಿಯೋ ಈ ಬಡಗಿ ಕೈಗೆ ಇದು ಯಾಕೆ. ಅವಳು ಹೋಗಿ ಹದಿನೆಂಟು ದಿನ. ಧೂಳು ಕೂರ್ತಿದೆ.

ಒಂದೇ ಕೆಲಸ ಮಾಡಿಕೊಡು. ಅದರ ಹೆಸರು ಮೊದಲಿನ ಹಾಗೆ ಮಾಡು.

ನಗ್ತೀಯ? ನಗು. ಅವಳೂ ನಗ್ತಿದ್ದಳು.

ಮೂಕಬಸವ. ಹೌದು, ನನ್ನನ್ನೇ ಹಾಗೆ ಕರೀತಿದ್ದದ್ದು. ಹತ್ತು ಮಾತಿಗೆ ಒಂದು ಹೂಂ ಅನ್ನೋನು ಅಂತ. ಅದನ್ನೇ ತಂದು ಇದಕ್ಕೂ ಇಟ್ಟಳು. ಅವಳ ಹತ್ತಿರ ಪ್ರಿಂಟು ತೆಗೆಸೋಕೆ ಬರೋರ ಮೊಬೈಲಲ್ಲೆಲ್ಲ ಆ ಹೆಸರೇ ಬರೋದು. ಕಾಲೇಜು ಹುಡುಗಿಯರು ಆ ಕಿಟಕಿ ಹತ್ತಿರ ನಿಂತು, 'ಆಂಟಿ, ಮೂಕಬಸವನಿಗೆ ಕಳಿಸಿದೀವಿ, ಬಾಯಿ ಬಿಟ್ಟನಾ ನೋಡಿ' ಅನ್ನೋರು. ನಾನು ಒಳಗೆ ಊಟಕ್ಕೆ ಕೂತಿರ್ತಿದ್ದೆ. ಕಿಸಿಕಿಸಿ ಕೇಳಿಸೋದು. ಅರ್ಧ ಊಟಕ್ಕೇ ಕೈ ತೊಳ್ಕೊಂಡು ಏಳ್ತಿದ್ದೆ.

ಈಗ ಬರೀ 'ಕಂಪ್ಯೂಟರ್' ಅಂತ ಬರುತ್ತೆ. ಹೇಗೆ ಬದಲಾಯ್ತೋ... ಕರೆಂಟು ಹೋಗಿ ಬಂದಾಗ ಅಳಿಸಿಹೋಯ್ತೇನೋ. ನಾನು ಇದರ ಗುಂಡಿ ಮುಟ್ಟಿದವನೇ ಅಲ್ಲ.

ಅಲ್ಲಿ ಸಿಗಲ್ಲ ಅದು. ಆ ಕಪ್ಪು ಪರದೆ ತೆಗಿ. ನಾಲ್ಕು ಸಾಲಿನದೊಂದು ಫೈಲಿದೆ. ಪಾಸ್‌ವರ್ಡ್ ಕೇಳುತ್ತೆ. ಹೊಡೆಯುವಾಗ ಏನೂ ಕಾಣಲ್ಲ, ಗಾಬರಿಯಾಗಬೇಡ, ಒಳಗೆ ಹೋಗ್ತಾ ಇರುತ್ತೆ...

ಯಾಕೆ ಹಾಗೆ ನೋಡ್ತೀಯ? ನಿಮ್ಮಕ್ಕ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಾಳೆ. ಓದಿದೆ, ಅಷ್ಟೆ. ಕಾಣಲ್ಲ ಅನ್ನೋದೂ ಬರೆದಿದ್ದಾಳಾ ಅಂದ್ರೆ... ಬರೆದಿರಬೇಕು.

ಬಂತಲ್ಲ. ಮೊದಲನೇದು ಹೆಸರು. ಎರಡನೇದು ಎಂಥಾ ಯಂತ್ರ, ಮೇಜಿಂದೋ ಮಡಿಚೋದೋ. ಮೂರನೇದು ಯಾವ ಕೆಲಸಕ್ಕೆ. ಕೊನೇದು ಎಲ್ಲಿದೆ ಅಂತ. ಮುಂದಿನ ಕೋಣೆ, ಕಿಟಕಿ ಪಕ್ಕ. 'ಕಳ್ಳ ಹೊತ್ತೊಯ್ದರೂ ತನ್ನ ಮನೆ ಯಾವುದು ಅಂತ ಅದಕ್ಕೆ ನೆನಪಿರಲಿ' ಅನ್ನೋಳು. ಆ ಸಾಲು ನಾನು ಮುಟ್ಟಲಿಲ್ಲ... ಅಂದ್ರೆ, ಅದು ಹಾಗೇ ಇದೆ ಅಂದೆ.

ಹೆಸರು ಹಾಕೋ.

ಏನದು, ಬೆರಳಿಟ್ಟು ತೋರಿಸೋದು? ತಾರೀಖಾ? ...ಕೊನೇ ಸಲ ಬದಲಾಯಿಸಿದ ತಾರೀಖೂ ಬರ್ಕೊಳ್ಳುತ್ತಾ ಅದು?

ಟೈಮೂನಾ?

ಹತ್ತು ಐವತ್ತು. ಹೂಂ. ಅವಳು ಹೋದ ದಿನದ್ದೇ. ...ಅವಳೇ ಬದಲಾಯಿಸಿರ್ತಾಳೆ ಬಿಡು.

ತಲೆ ಅಲ್ಲಾಡಿಸಬೇಡ. ಗೊತ್ತು. ಡಾಕ್ಟರು ಹೇಳಿದಾಗ ನೀನೂ ಅಲ್ಲೇ ನಿಂತಿದ್ದೆ. ಹತ್ತೂವರೆ ಸುಮಾರಿಗೆ ಬಿದ್ದಿರಬೇಕು, ಆಗಲೇ ಕರ್ಕೊಂಡು ಬಂದಿದ್ರೆ ಉಳೀತಿದ್ರು ಅಂತ. ನಾನು ತಲೆ ತಗ್ಗಿಸಿ ನಿಂತಿದ್ದೆ. ನೀನು ನನ್ನ ಬೆನ್ನು ಸವರಿದೆ. 'ನಿಮ್ಮ ತಪ್ಪೇನಿದೆ ಭಾವಾ, ನೀವು ಕೆಲಸದಲ್ಲಿದ್ರಿ' ಅಂದೆ.

ಅವತ್ತು ಮನೇಲಿ ಟೇಪು ಮರೆತಿದ್ದೆ ಕಣೋ. ಅಳತೆ ಟೇಪು. ತಗೊಂಡು ಹೋಗೋಣ ಅಂತ ಬಂದೆ. ಕಿಟಕಿ ಹತ್ತಿರ ಆ ಹುಡುಗಿಯರು. ನನ್ನ ನೋಡಿ, ಬಾಯಿಗೆ ಕೈ ಅಡ್ಡ ಇಟ್ಕೊಂಡು ಓಡಿದರು. ನಿಮ್ಮಕ್ಕ ಅಡುಗೆಮನೇಲಿದ್ದಳು. ನೋಟ್‌ಬುಕ್ ತೆಗೆದು ಇಲ್ಲೇ ಕೂತೆ. ಇದೇ ಕುರ್ಚಿ. ನನ್ನದು ಒಂದೇ ಬೆರಳು... ಒಂದೊಂದು ಅಕ್ಷರಾನೂ ಹುಡುಕಬೇಕು.

ಕುರ್ಚಿ ಸದ್ದಾಯ್ತೇನೋ. 'ರೀ' ಅಂದಳು.

ನಾನು ಓ ಅನ್ನಲಿಲ್ಲ. ಓ ಅಂದ್ರೆ ಬರ್ತಾಳೆ, ನೋಡ್ತಾಳೆ, ನಗ್ತಾಳೆ. ಮುಗೀಲಿ ಅಂತ ಸುಮ್ಮನಿದ್ದೆ. ಇನ್ನೊಂದು ಸಲ 'ರೀ' ಅಂದಳು, ಸಣ್ಣಗೆ. ಆಮೇಲೆ ಪಾತ್ರೆ ಬಿತ್ತು. ಪಾತ್ರೆ ಅಂದ್ಕೊಂಡೆ ಕಣೋ... ಪಾತ್ರೆ ಅಂತಲೇ ಅಂದ್ಕೊಂಡೆ. ಆಮೇಲೆ ಸದ್ದಿಲ್ಲ. ಒಳ್ಳೇದಾಯ್ತು ಅಂದ್ಕೊಂಡೆ.

ಮುಗಿಸಿದೆ. ಟೇಪು ಜೇಬಿಗೆ ಹಾಕ್ಕೊಂಡು ಈ ಬಾಗಿಲಿಂದಲೇ ಹೋದೆ. ಒಳಗೆ ಇಣುಕಲಿಲ್ಲ.

ಒಂದು ಗಂಟೆಗೆ ಬಂದೆ ಅಂತ ಎಲ್ಲರಿಗೂ ಹೇಳಿದ್ದು ಸುಳ್ಳಲ್ಲ. ಒಂದು ಗಂಟೆಗೂ ಬಂದೆ.

ಹೆಸರು ನಾನೇ ಹಾಕ್ತಿದ್ದೆ. ದಿನಾ ಕೂರ್ತೀನಿ. ಕೈ ಹೋಗಲ್ಲ.

ಮಾತಾಡೋ. ಬೈಯಿ. ಈ ಮನೆಗೆ ಮೂಕಬಸವ ನಾನೊಬ್ಬನೇ ಸಾಕು. ನೀನು ಬಾಯಿ ಹಾಕಿದರೆ ಬೀದಿ ಕೊನೆಗೆ ಕೇಳಿಸ್ತಿತ್ತಲ್ಲೋ...

ಎದ್ದೆ ಯಾಕೆ? ಕಂಪ್ಯೂಟರು ಇಲ್ಲೇ ಬಿಟ್ಟೆಯಲ್ಲ...

ಹೋಗು. ತಡೆಯಲ್ಲ. ಆ ಬಾಗಿಲ ಹತ್ತಿರ ನಿಂತು ಒಂದು ಸಲ 'ಭಾವಾ' ಅಂತ ಕೂಗು. ಒಂದೇ ಸಲ.

ಓ ಅಂತೀನಿ.