ಗೆರೆ, ಚುಕ್ಕಿ ಬಿಟ್ಟ ನಂಬರು

ಕೇಶ್ವಾಪುರದಲ್ಲಿ ಅಮರಗೋಳದ ಬಸ್ಸಿಗೆ ಬುಟ್ಟಿ ಇಳಿಸಿ ಕಾಯುತ್ತಿದ್ದ ಉಡಚವ್ವನ ಮುಂದೆಯೇ ಡಿಪೋ ಸ್ಟೋರಿನ ಗುಮಾಸ್ತ ಯಮನಪ್ಪ ನಿಂತಿದ್ದ. ಮೆಕ್ಯಾನಿಕ್ ಮಕಬೂಲಸಾಬ ಅವನನ್ನು ಹುಡುಕಿಕೊಂಡು ಬಂದ.

“ಯಮನಪ್ಪನವರ, ಬೇರಿಂಗ್ ಸಿಗದ ಗಾಡಿ ನಿಂತೈತ್ರಿ.”

“ಎ ಗೆರಿ ನಾಲ್ಕುನೂರಾ ಏಳು ನಂಬರಿನ ಬೇರಿಂಗ್ ಅಲ್ಲೇನ್ರಿ? ಸಾಮಾನು ಎಲ್ಲೈತಿ ಅಂತ ಬರದಿಡೂ ಕಾರ್ಡನ್ಯಾಗ ಆ ನಂಬರ ಇಲ್ರಿ.”

“ಗೆರಿ ಬದ್ಲಿ ಚುಕ್ಕಿ ಇಟ್ಟು ಬರದಿರಬೇಕ್ರಿ.”

“ಆರು ಸಾವಿರ ಕಾರ್ಡ ಅದಾವು. ಒಂದೊಂದ ತಗದು ನೋಡಬೇಕು.”

“ಪ್ರತಿ ಸಲ ಯಾಕ್ರಿ? ಒಮ್ಮೆ ಗೆರಿ, ಚುಕ್ಕಿ ಬಿಟ್ಟು ಅಕ್ಷರ, ನಂಬರಷ್ಟ ಕಾರ್ಡಿನ ಮೂಲ್ಯಾಗ ಬರದು, ಅದರಂಗ ಜೋಡಸಿ ಇಡ್ರಿ. ನಾವು ಕೊಟ್ಟ ಚೀಟಿನೂ ಹಂಗ ಓದ್ರಿ. ಕೈ ಸೀದಾ ಅಲ್ಲಿಗೇ ಹೋಗತೈತಿ.”

“ನಾಳಿ ಸುರು ಮಾಡೂಣು. ಈಗ ನಮ್ಮ ಅಮರಗೋಳದ ಬಸ್ ಬರೂ ಹೊತ್ತಾತು.”

“ನಿಂತಿರೂದು ಅದ ಗಾಡಿರಿ.”

ಯಮನಪ್ಪ ಅವನ ಹಿಂದೆ ಡಿಪೋದತ್ತ ನಡೆದ. ಆರು ಸಾವಿರ ಕಾರ್ಡು ಎಂಬುದನ್ನು ಕೇಳಿಸಿಕೊಂಡಿದ್ದ ಉಡಚವ್ವ ಬುಟ್ಟಿಯನ್ನು ತಲೆಗೇರಿಸಿಕೊಂಡು ಅಮರಗೋಳಕ್ಕೆ ನಡೆದೇ ಹೊರಟಳು.