ಸೊಟ್ಟಣ್ಣನವರ ಪರವಾಗಿ ನಾಲ್ಕು ಮಾತು

ಸಭೆಯ ಅಧ್ಯಕ್ಷರಾದ ಮುಖ್ಯ ಎಂಜಿನಿಯರ್ ಸಾಹೇಬರೇ, ವೇದಿಕೆಯ ಮೇಲಿರುವ ಗಣ್ಯರೇ, ನೀರು ಸರಬರಾಜು ಕಚೇರಿಯ ನನ್ನ ಸಹೋದ್ಯೋಗಿ ಬಂಧುಗಳೇ, ನಮ್ಮ ನಾಟಕಗಳನ್ನು ಇಷ್ಟು ವರ್ಷ ಸಹಿಸಿಕೊಂಡ ಸಭಿಕರೇ, ಹಾಗೂ ಇಂದಿನ ಸನ್ಮಾನಿತರೂ ನನ್ನ ಅಕ್ಕನ ಗಂಡನೂ ಆದ ನಿಮ್ಮೆಲ್ಲರ ಸೊಟ್ಟಣ್ಣನವರೇ,

ನನಗೆ ವೇದಿಕೆಯ ಮೇಲೆ ನಿಂತು ಅಭ್ಯಾಸವಿಲ್ಲ. ನಾನು ಈ ನಾಟಕ ತಂಡದ ಪ್ರಾಂಪ್ಟರ್. ಪಕ್ಕದ ಪರದೆಯ ಮರೆಯಲ್ಲಿ ನಿಂತು, ನಟರು ಮಾತು ಮರೆತಾಗ ಪಿಸುಗುಟ್ಟಿ ನೆನಪಿಸುವವನು. ಹಗಲೆಲ್ಲ ಉಗ್ರಾಣದಲ್ಲಿ ಪೈಪು, ವಾಲ್ವು, ವಾಷರುಗಳ ನಡುವೆ ಇರುತ್ತೇನೆ. ಸಂಜೆ ಬೇರೆಯವರ ಮಾತುಗಳ ನಡುವೆ. ಚಪ್ಪಾಳೆ ಎಂದೂ ನನ್ನ ಕಡೆಗೆ ಬಂದಿಲ್ಲ, ಬೈಗುಳ ಮಾತ್ರ ತಪ್ಪದೆ ಬಂದಿದೆ. ಇಂದಿನ ಆಮಂತ್ರಣದಲ್ಲಿ ‘ಸನ್ಮಾನಿತರ ಮಾತು’ ಎಂದು ಅಚ್ಚಾಗಿದೆ. ಅದನ್ನು ಅವರ ಪರವಾಗಿ ನೀನೇ ಆಡು ಎಂದು ಕಾರ್ಯದರ್ಶಿಗಳು ನನ್ನನ್ನು ಇಲ್ಲಿಗೆ ದಬ್ಬಿದ್ದಾರೆ. “ಇಷ್ಟು ವರ್ಷ ಅವರ ಮಾತು ಹೇಳ್ಕೊಟ್ಟೋನು ನೀನೇ ತಾನೇ?” ಎಂದರು. ಅದಕ್ಕೇ ಎರಡು ಮಾತು ಬರೆದುಕೊಂಡು ಬಂದಿದ್ದೇನೆ.

ಹೊಸಬರಿಗೆ ತಿಳಿಯಲಿ: ಸೊಟ್ಟಣ್ಣ ನಮ್ಮ ಕಚೇರಿಯ ಮೀಟರ್ ರೀಡರ್. ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡಿ ಬರೆದುಕೊಂಡು ಬರುವ ಕೆಲಸ. ಮೀಟರ್ ನೋಡಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ಆದರೆ ಇವರು ಹೋದ ಮನೆಯಿಂದ ಬೇಗ ಹೊರಬಂದ ದಾಖಲೆಯೇ ಇಲ್ಲ. ಮೇಲಧಿಕಾರಿಗಳು ತಡ ಏಕೆ ಎಂದು ರೇಗಿದರೆ, “ಏನ್ಮಾಡ್ಲಿ ಸಾರ್, ಮೀಟರ್ ಮಾತಾಡಲ್ಲ. ಅದಕ್ಕೇ ಮನೆಯವರ ಹತ್ರ ಮಾತಾಡ್ಕೊಂಡ್ ಬಂದೆ” ಎನ್ನುವರು. ಹಾಗೆಂದು ಬಾಯಿಯ ಎಡ ಅಂಚನ್ನು ಜಗ್ಗಿ, ಎಡಗಣ್ಣು ಅರ್ಧ ಮುಚ್ಚಿ, ಮುಖವನ್ನು ಸೊಟ್ಟ ಮಾಡುವರು. ಎದುರಿಗಿದ್ದವರ ಸಿಟ್ಟೆಲ್ಲ ಅಲ್ಲಿಗೆ ಮುಗಿಯಿತು. ಆ ಮುಖದಿಂದಲೇ ಈ ಹೆಸರು. ನಾಟಕದಲ್ಲಿ ಅವರ ಪಾತ್ರ ಯಾವುದೇ ಇರಲಿ, ನೀವು ಕಾಯುತ್ತಿದ್ದದ್ದು ಆ ಮುಖಕ್ಕೇ ಅಲ್ಲವೇ?

ನಮ್ಮ ಅಪ್ಪ ಅಮ್ಮ ಹೋದಾಗ ನಾನಿನ್ನೂ ಓದುತ್ತಿದ್ದೆ. ಅಕ್ಕ ಹೊಸದಾಗಿ ಮದುವೆಯಾದವಳು. ನನ್ನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಮ್ಮ ಮನೆಗೆ ನಡೆಸಿಕೊಂಡು ಹೋದವರು ಭಾವ. ದಾರಿಯುದ್ದಕ್ಕೂ ಮಾತು, ಮಾತು, ಮಾತು. ನನಗೆ ಅಳಲಿಕ್ಕೆ ಪುರುಸೊತ್ತೇ ಕೊಡಲಿಲ್ಲ. ಅಂದಿನಿಂದ ನಾನು ಆ ಮನೆಯಲ್ಲೇ ಇದ್ದೇನೆ. ಮದುವೆ ಏಕಾಗಲಿಲ್ಲ ಎಂದು ನೀವು ಕೇಳುವುದು ನನಗೆ ಗೊತ್ತು. ಮನೆಯಲ್ಲಿ ಮಾತಿಗೆ ಕೊರತೆ ಇರಲಿಲ್ಲ ಸ್ವಾಮಿ, ಅಷ್ಟೇ. ಇರಲಿ, ವಿಷಯಕ್ಕೆ ಬರುತ್ತೇನೆ.

ಭಾವನಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ನಿಮಗೆಲ್ಲ ತಿಳಿದೇ ಇದೆ. ಸಿಗರೇಟು ಮುಟ್ಟಿದವರಲ್ಲ. ಬಿಡದ ಕೆಮ್ಮೊಂದನ್ನು ತೋರಿಸಲು ಹೋದರೆ, ಆಗಲೇ ಬೆನ್ನುಮೂಳೆಗೂ ಹರಡಿದೆ ಎಂದರು. ಮನೆಗೆ ಬಂದ ಮೇಲೆ ಅವರೇ ನಮಗೆ ಧೈರ್ಯ ಹೇಳಿದರು. “ಹೋಗ್ಲಿ ಬಿಡ್ರೋ. ಅದಕ್ಕೆ ಎದೆ ತಾನೇ ಬೇಕಾಗಿರೋದು? ತಗೊಳ್ಲಿ. ನಾಲಿಗೆ ಮಾತ್ರ ಕೊಡಲ್ಲ. ಇರೋ ನಾಲ್ಕು ದಿನ ನಿಮ್ಮ ತಲೆ ತಿಂದ್ಕೊಂಡೇ ಇರ್ತೀನಿ” ಎಂದರು. ನಾವು ಅದನ್ನೇ ನಂಬಿಕೊಂಡೆವು. ಅಕ್ಕ ಎದ್ದಾಗಿನಿಂದ ಮಲಗುವವರೆಗೆ ಅವರ ಉಸಿರನ್ನೇ ಆಲಿಸುತ್ತಿದ್ದಳು. ನಾನು ಆಮ್ಲಜನಕದ ಸಿಲಿಂಡರ್ ಎಲ್ಲಿ ಸಿಗುತ್ತದೆ ಎಂದು ಊರೆಲ್ಲ ಸುತ್ತಿ ವಿಚಾರಿಸಿದೆ. ತಂಡದವರೂ ಅಷ್ಟೇ, ಮನುಷ್ಯ ಗಟ್ಟಿಯಾಗಿರುವಾಗಲೇ ಸನ್ಮಾನ ಮಾಡಿಬಿಡೋಣ ಎಂದು ಈ ಸಭೆಯನ್ನು ಬೇಗ ಇಟ್ಟುಕೊಂಡರು. ಎಲ್ಲರೂ ಎದೆಯನ್ನೇ ಕಾಯುತ್ತಿದ್ದೆವು.

ನಡುವೆ ಒಂದು ಬೆಳಿಗ್ಗೆ ಅವರ ಬಲಗೈಯಿಂದ ಚಹಾದ ಲೋಟ ಜಾರಿಬಿತ್ತು. ಸ್ವಲ್ಪ ಹೊತ್ತು ಬೆರಳು ಮಾತು ಕೇಳಲಿಲ್ಲ, ಆಮೇಲೆ ಸರಿಹೋಯಿತು. “ಔಷಧದ ಸುಸ್ತು ಕಣೇ” ಎಂದರು. ನಾವೂ ಹೌದೆಂದೆವು. ಅದು ಮುನ್ಸೂಚನೆಯಂತೆ! ಯಾರಿಗೆ ಗೊತ್ತಿತ್ತು?

ಆಮೇಲೆ ಹೋದ ತಿಂಗಳ ನಾಟಕ. ಇದೇ ಸಭಾಂಗಣ, ಇದೇ ವೇದಿಕೆ. ಭಾವನದು ನ್ಯಾಯಾಧೀಶರ ಪಾತ್ರ, ಕೂತೇ ಆಡಬಹುದು ಎಂದು ಕೊಟ್ಟದ್ದು. ನಮ್ಮ ತಂಡಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಇದೆ: ಆಟ ಶುರುವಾದ ಮೇಲೆ ಏನೇ ಆದರೂ ಪ್ರಾಂಪ್ಟರ್ ಕೈ ಎತ್ತದೆ ಪರದೆ ಬೀಳುವಂತಿಲ್ಲ. ಆ ಕೈ ನನ್ನದು.

“ಆರೋಪಿ ಎಲ್ಲಿ?” ಎನ್ನಬೇಕಿತ್ತು ಭಾವ. ಎನ್ನಲಿಲ್ಲ. ಪರದೆಯ ಮರೆಯಿಂದ ನಾನು ಹೇಳಿಕೊಟ್ಟೆ. ಅವರು ನನ್ನ ಕಡೆ ನೋಡಿ, “ಬಾಗಿಲು” ಎಂದರು. ಮತ್ತೆ ಹೇಳಿಕೊಟ್ಟೆ. “ಬಾಗಿಲು... ಚಮಚ” ಎಂದರು. ಕಟಕಟೆಯಲ್ಲಿದ್ದ ನಮ್ಮ ಫಿಟ್ಟರ್ ಸುಮ್ಮನಿರುವ ಆಸಾಮಿಯೇ? “ಸ್ವಾಮಿ, ಚಮಚ ನಾನು ಕದ್ದಿಲ್ಲ!” ಎಂದುಬಿಟ್ಟ. ಸಭಾಂಗಣದ ಚಾವಣಿ ಹಾರಿಹೋಗುವಂತೆ ನಕ್ಕಿರಿ. ಅಧ್ಯಕ್ಷರೂ ನಕ್ಕರು, ನಾನು ನೋಡಿದೆ. ಅಷ್ಟರಲ್ಲಿ ಭಾವನ ಮುಖ ಸೊಟ್ಟಗಾಯಿತು. ಇನ್ನು ಕೇಳಬೇಕೇ! ಶಿಳ್ಳೆ, ಚಪ್ಪಾಳೆ. ಕೈಯಲ್ಲಿದ್ದ ಪೆನ್ನು ಬಿತ್ತು, ಅದಕ್ಕೂ ನಗು. ನನಗೋ ಮೈಯೆಲ್ಲ ಉರಿ. ಈ ಮುದುಕನಿಗೆ ಇವತ್ತು ಏನು ಬಂತು, ಬಾಯಿಗೆ ಬಂದದ್ದು ಆಡುತ್ತಾನಲ್ಲ ಎಂದು, ಸಭಿಕರಿಗೆ ಕೇಳಿದರೂ ಕೇಳಲಿ ಎಂದು ಗಂಟಲು ಹರಿದುಕೊಂಡು ಹೇಳಿಕೊಟ್ಟೆ, “ಆರೋಪಿ ಎಲ್ಲಿ? ಆರೋಪಿ ಎಲ್ಲಿ?”

ಆಗ ಮುಂದಿನ ಸಾಲಿನಿಂದ ಅಕ್ಕ ಎದ್ದಳು. “ನಗಬೇಡ್ರೋ! ಅವರು ಮುಖ ಮಾಡೋದು ಎಡಗಡೆ! ಇದು ಬಲಗಡೆ! ಪರದೆ ಎಳೀರೋ, ದಮ್ಮಯ್ಯ!” ಎಂದು ಕಿರುಚಿದಳು. ಅದೂ ನಾಟಕವೇ ಎಂದುಕೊಂಡು ಹಿಂದಿನ ಸಾಲಿನವರು ಇನ್ನಷ್ಟು ನಕ್ಕರು. ನಾನು ಆಗ ನೋಡಿದೆ. ಬಾಯಿಯ ಬಲ ಅಂಚು ಜೋತುಬಿದ್ದಿತ್ತು, ಜೊಲ್ಲು ಇಳಿಯುತ್ತಿತ್ತು. ಕಣ್ಣು ಮಾತ್ರ ನನ್ನ ಮೇಲೇ ಇತ್ತು. ಅಯ್ಯೋ, ಆ ಕಣ್ಣು! ಇಡೀ ಸಭೆ ಬಿದ್ದು ಬಿದ್ದು ನಗುತ್ತಿರುವಾಗ ಆ ಮನುಷ್ಯ ಒಳಗಿನಿಂದ ನನ್ನನ್ನು ಕೂಗುತ್ತಿದ್ದ. ಆಗ ಕೈ ಎತ್ತಿದೆ, ಪರದೆ ಬಿತ್ತು.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ನನಗೆ ತಲೆಯೇ ಕೆಟ್ಟಿತು. “ಕಾಯಿಲೆ ಇರೋದು ಎದೆಯಲ್ಲಿ ಡಾಕ್ಟ್ರೇ, ತಲೆಗೇನಾಯ್ತು?” ಎಂದು ಮೇಜು ಗುದ್ದಿದೆ. ಆ ಡಾಕ್ಟರಮ್ಮ ಬೇಸರಿಸದೆ ಹೇಳಿದರು: ಇಂಥ ಕ್ಯಾನ್ಸರ್ ಮುಂದುವರಿದಾಗ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಹೀಗೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಬೇರೆಯವರಿಗಿಂತ ಇವರಿಗೆ ಆಗುವ ಸಂಭವ ಹೆಚ್ಚು. ಪೈಪಿನ ತುಕ್ಕು ಒಂದು ಬೀದಿಯಲ್ಲಿ ಕಿತ್ತುಬಂದು ಇನ್ನೊಂದು ಬೀದಿಯ ನಲ್ಲಿಯನ್ನು ಕಟ್ಟುವುದು ನಮ್ಮ ಕಚೇರಿಯಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಅದು ನನ್ನ ಮನಸ್ಸಿಗೆ ಹೊಳೆಯಲಿಲ್ಲ. ಅಕ್ಕ ಮಾತ್ರ ಒಂದೇ ಮಾತು ಕೇಳಿದಳು: “ಮಾತು ಬರುತ್ತಾ?” “ಸ್ವಲ್ಪ ಬರಬಹುದು, ಮೊದಲಿನ ಹಾಗಲ್ಲ” ಎಂದರು ಡಾಕ್ಟರು.

ಜೀವ ಉಳಿಯಿತು. ಕಾಲೆಳೆದುಕೊಂಡು ನಡೆಯುತ್ತಾರೆ. ರಕ್ತ ತೆಳುವಾಗಲು ದಿನವೂ ಹೊಟ್ಟೆಗೆ ಇಂಜೆಕ್ಷನ್. ಅದರಿಂದ ಕೆಮ್ಮಿನಲ್ಲಿ ರಕ್ತ ಬಂದೀತೆಂಬ ಭಯ, ಬಿಟ್ಟರೆ ತಲೆಗೆ ಮತ್ತೆ ಹೊಡೆದೀತೆಂಬ ಭಯ. ಎದೆ ಇನ್ನೂ ಇದೆ, ಉಸಿರು ಇನ್ನೂ ಇದೆ. ಕೊಡುವುದಿಲ್ಲ ಎಂದಿದ್ದನ್ನೇ ಮೊದಲು ಕಿತ್ತುಕೊಂಡಿತಲ್ಲ! ಇದೆಂಥ ಅನ್ಯಾಯ? ಉಳಿದಿರುವ ಇಷ್ಟು ಸ್ವಲ್ಪ ದಿನವೂ ಆ ಮನುಷ್ಯ ಮಾತಿಲ್ಲದೆ ಕಳೆಯಬೇಕೇ?

ಎಲ್ಲ ಅರ್ಥವಾಗುತ್ತದೆ ಅವರಿಗೆ. ಒಂದು ವಾರದಿಂದ ಏನೋ ಹೇಳಲು ಹೆಣಗುತ್ತಿದ್ದಾರೆ. ನಾನು ಸುಮ್ಮನಿರಲಾರದೆ “ನೀರಾ ಭಾವ? ದಿಂಬಾ? ಕಿಟಕಿ ಹಾಕ್ಲಾ?” ಎನ್ನುತ್ತೇನೆ. ಎಡಗೈ ಬೀಸಿ ಹೊಡೆಯಲು ಬರುತ್ತಾರೆ. ಮಾತು ಕಲಿಸಲು ಬರುವ ಮೇಡಂ ನನ್ನನ್ನು ಹೊರಗೆ ಕರೆದು, “ನೀವು ಹೇಳ್ಕೊಡೋದು ನಿಲ್ಲಿಸಿ. ಅವರು ಹುಡುಕ್ತಿರೋ ಮಾತಿನ ಮೇಲೆ ನೀವು ಹೋಗಿ ನಿಂತ್ಕೋತೀರಿ” ಎಂದರು. ಜೀವಮಾನವಿಡೀ ಮಾಡಿದ್ದು ಅದೊಂದೇ ಕೆಲಸ. ಅದನ್ನೂ ನಿಲ್ಲಿಸಿ ಎಂದರೆ ನಾನು ಅವರಿಗೆ ಇನ್ನೇನು ಮಾಡಲಿ?

ಇರಲಿ. ಅವರ ಪರವಾಗಿ ಬರೆದುಕೊಂಡು ಬಂದದ್ದನ್ನು ಓದುತ್ತೇನೆ. ‘ತಮ್ಮ ಈ ಅಭಿಮಾನದಿಂದ ನನ್ನ ಹೃದಯ ತುಂಬಿಬಂದಿದೆ...’ ಛೇ, ಇದು ಅವರ ಮಾತೇ ಅಲ್ಲ. ಇಂಥ ಮಾತು ಕೇಳಿದರೆ ಅವರೇ ಮೊದಲು ನಗುತ್ತಿದ್ದರು.

ಒಂದು ನಿಮಿಷ. ಅಕ್ಕಾ, ಏನದು? ಭಾವ ಯಾಕೆ ಏಳ್ತಿದ್ದಾರೆ? ಕೂತ್ಕೊಳ್ಳಿ ಭಾವ, ಬಿದ್ದುಬಿಡ್ತೀರಿ! ಕಾರ್ಯದರ್ಶಿಗಳೇ, ಆ ಕುರ್ಚಿ ಸರಿಸಿ. ಬೇಡ, ಹಿಡಿಯಬೇಡಿ, ಅಕ್ಕ ಇದ್ದಾಳೆ. ಮೈಕಿನ ಕಡೆಗೆ ಕೈ ತೋರಿಸುತ್ತಿದ್ದಾರೆ.

ಸಭಿಕರೇ, ಆಮಂತ್ರಣದಲ್ಲಿ ಅಚ್ಚಾದದ್ದು ‘ಸನ್ಮಾನಿತರ ಮಾತು’. ಅದು ನನ್ನದಲ್ಲ. ಅವರಿಗೆ ಏನು ಹೇಳಬೇಕಾಗಿದೆ ಎಂದು ನನಗೆ ನಿಜವಾಗಿಯೂ ಗೊತ್ತಿಲ್ಲ. ಬರುವುದು ಬರೀ ಬಾಗಿಲು, ಚಮಚ ಆಗಿರಬಹುದು. ಏನೂ ಬರದೆಯೂ ಇರಬಹುದು. ಎಷ್ಟು ಹೊತ್ತಾದರೂ ಆಗಲಿ, ಗಡಿಯಾರ ನೋಡಬೇಡಿ. ಪಾಪ ಎನ್ನಬೇಡಿ, ಅವರಿಗೆ ಸಿಟ್ಟು ಬರುತ್ತದೆ. ನಾನು ಪರದೆಯ ಮರೆಗೆ ಹೋಗುವುದಿಲ್ಲ. ಕೆಳಗಿಳಿದು ನಿಮ್ಮ ನಡುವೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ. ಬನ್ನಿ ಭಾವ, ಮಾತಾಡಿ.